ಪ್ರೊಸೆಸರ್ ಆಮೇಲೆ, ಮೊದಲು ಎಸ್‌ಎಂಪಿಎಸ್ ನೋಡಿ

ರಾಯಚೂರಿನಲ್ಲಿ ಮನೆ, ಇಪ್ಪತ್ತು ಸಾವಿರದ ಬಜೆಟ್, ಮನೆಯವರ ಫೋಟೊ, ವಿಡಿಯೊ ಎಲ್ಲಾ ಒಂದೇ ಕಡೆ ಇಡಲು ಒಂದು ಮನೆ ಸರ್ವರ್ ಬೇಕು, ಮುಂದೆ ಎಂಟು ಡಿಸ್ಕ್‌ವರೆಗೆ ಬೆಳೆಸುವಂತಿರಬೇಕು, ಪ್ರೊಸೆಸರ್ ಐ3 ಸಾಕಾ ಐ5 ಬೇಕಾ ಅಂತ ಕೇಳಿದ್ದೀರಿ, ನೋಡಿಟ್ಟ ಪಿಸಿಗಳ ಪಟ್ಟಿಯನ್ನೂ ಕೊಟ್ಟಿದ್ದೀರಿ. ನಾನೂ ಇದೇ ಊರಿನವನು, ಇದೇ ಪ್ರಶ್ನೆ ಹಿಡಿದುಕೊಂಡು ತಿರುಗಿದವನು. ಸಿಕ್ಕವರೆಲ್ಲ ಪ್ರೊಸೆಸರ್ ಬಗ್ಗೆಯೇ ಹೇಳಿದರು. ನನಗೆ ಪೆಟ್ಟು ಬಿದ್ದದ್ದು ಅದರಿಂದಲ್ಲ, ಒಂದು ಕರೆಂಟ್ ವೈರಿನಿಂದ.

ನಮ್ಮ ಮನೆಯಲ್ಲಿ ಫೋಟೊಗಿಂತ ಹಾಡು ಜಾಸ್ತಿ. ಅಪ್ಪ ಮತ್ತು ಅವರ ಭಜನಾ ಮಂಡಳಿಯವರು ಹಾಡಿದ ತತ್ವಪದಗಳ ಕ್ಯಾಸೆಟ್‌ಗಳು ಒಂದು ಟ್ರಂಕ್ ತುಂಬ ಇದ್ದವು. ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಅವುಗಳಿಗೆ ಅಂತಲೇ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ತಂದೆ. ಚಪ್ಪಟೆ ಕ್ಯಾಬಿನೆಟ್, ಎಂಟನೇ ತಲೆಮಾರಿನ ಐ5, ಸದ್ದೇ ಇಲ್ಲ. ಮುಚ್ಚಳ ತೆಗೆದು ನೋಡಿದರೆ ಮದರ್‌ಬೋರ್ಡ್‌ನಲ್ಲಿ ನಾಲ್ಕು ಸಾಟಾ ಪೋರ್ಟ್, ಅಂದರೆ ಡಿಸ್ಕ್‌ನ ಡೇಟಾ ವೈರ್ ಸಿಕ್ಕಿಸುವ ಜಾಗ. ನಾಲ್ಕು ಪೋರ್ಟ್ ಅಂದರೆ ನಾಲ್ಕು ಡಿಸ್ಕ್ ಅಂತ ಲೆಕ್ಕ ಹಾಕಿಬಿಟ್ಟೆ. ಆ ಲೆಕ್ಕವೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಕೊಟ್ಟಿರುವ ಪಟ್ಟಿಯಲ್ಲೂ ಇಂಥದ್ದೇ ಎರಡು ಪಿಸಿ ಇವೆ.

ಪ್ರತಿ ಡಿಸ್ಕ್‌ಗೂ ಎರಡು ವೈರ್ ಬೇಕು. ಒಂದು ಡೇಟಾಗೆ, ಒಂದು ಕರೆಂಟಿಗೆ. ಮಾಮೂಲಿ ಕಂಪ್ಯೂಟರಿನಲ್ಲಿ ಕರೆಂಟಿನ ವೈರ್ ನೇರ ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿಕೊಡುವ ಡಬ್ಬಿಯಿಂದ ಬರುತ್ತದೆ. ಇಂಥ ಎಷ್ಟೋ ಆಫೀಸ್ ಪಿಸಿಗಳಲ್ಲಿ ಹಾಗಲ್ಲ. ಎಸ್‌ಎಂಪಿಎಸ್ ಮದರ್‌ಬೋರ್ಡ್‌ಗೆ ಕರೆಂಟ್ ಕೊಡುತ್ತದೆ, ಮದರ್‌ಬೋರ್ಡ್ ತನ್ನ ಒಂದು ಚಿಕ್ಕ ಸಾಕೆಟ್‌ನಿಂದ ಡಿಸ್ಕ್‌ಗೆ ಕೊಡುತ್ತದೆ. ಒಂದು ಡಿಸ್ಕ್, ಒಂದು ಡಿವಿಡಿ ಡ್ರೈವ್, ಇಷ್ಟಕ್ಕೇ ಮಾಡಿದ ಸಣ್ಣ ವೈರ್ ಅದು. ನಾನು ಅದಕ್ಕೆ ಸ್ಪ್ಲಿಟರ್, ಅಂದರೆ ಒಂದು ವೈರನ್ನು ಹಲವು ಕವಲು ಮಾಡುವ ತುಂಡು, ಸಿಕ್ಕಿಸಿ ನಾಲ್ಕು ಡಿಸ್ಕ್ ಹಾಕಿದೆ. ಒಂದೇ ಸಣ್ಣ ಪೈಪಿಗೆ ನಾಲ್ಕು ನಲ್ಲಿ ಕೂರಿಸಿದ ಹಾಗೆ.

ಓಡುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. 3.5 ಇಂಚಿನ ಡಿಸ್ಕ್ ಒಮ್ಮೆ ತಿರುಗಲು ಶುರುವಾದ ಮೇಲೆ ಕಡಿಮೆ ಕರೆಂಟಿನಲ್ಲೇ ಓಡುತ್ತದೆ. ನಿಂತ ಡಿಸ್ಕ್ ತಿರುಗಲು ಶುರು ಮಾಡುವ ಕೆಲವೇ ಸೆಕೆಂಡುಗಳಲ್ಲಿ ಮಾತ್ರ 12 ವೋಲ್ಟ್ ಲೈನಿನಲ್ಲಿ ಹೆಚ್ಚುಕಮ್ಮಿ 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಒಟ್ಟಿಗೆ ಶುರುವಾದರೆ 8 ಆಂಪಿಯರ್, ಅಂದರೆ ಸುಮಾರು 100 ವ್ಯಾಟ್. ಅಷ್ಟೂ ಆ ಒಂದು ಸಣ್ಣ ವೈರಿನಲ್ಲಿ ಬರಬೇಕು. ಇನ್ನು ನಮ್ಮೂರಿನ ಬೇಸಿಗೆ ನಿಮಗೆ ಗೊತ್ತು. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ನಮ್ಮ ಮನೆಯ ಇನ್ವರ್ಟರ್ ಬದಲಾಗುವಷ್ಟರಲ್ಲಿ ಪಿಸಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಪ್ರತಿ ಸಲವೂ ನಾಲ್ಕೂ ಡಿಸ್ಕ್ ಒಟ್ಟಿಗೆ ತಿರುಗಲು ಶುರು ಮಾಡುತ್ತಿದ್ದವು.

ಮೂರನೇ ಡಿಸ್ಕ್ ಒಂದು ದಿನ ಕಾಣುತ್ತಿತ್ತು, ಮರುದಿನ ಮಾಯ. ಡಿಸ್ಕ್ ಕೆಟ್ಟಿದೆ ಅಂತ ಹೊಸದು ತಂದೆ. ಅದೂ ಹಾಗೇ ಮಾಡಿತು. ಡೇಟಾ ಕೇಬಲ್ ಬದಲಿಸಿದೆ, ಲಿನಕ್ಸ್ ಮತ್ತೆ ಹಾಕಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಆ ಒಂದು ಡಿಸ್ಕ್‌ನ ಪವರ್ ಸೈಕಲ್ ಎಣಿಕೆ (ಎಷ್ಟು ಸಲ ಆಫ್ ಆಗಿ ಆನ್ ಆಯಿತು ಅನ್ನುವ ಲೆಕ್ಕ) ಮಾತ್ರ ಸರಸರ ಏರುತ್ತಿತ್ತು. ಒಂದೇ ಪಿಸಿಯಲ್ಲಿರುವ ಉಳಿದ ಡಿಸ್ಕ್‌ಗಳಿಗಿಂತ ಒಂದರ ಎಣಿಕೆ ಬೇಗ ಏರುತ್ತಿದೆ ಅಂದರೆ ಅದಕ್ಕೆ ನಡುನಡುವೆ ಕರೆಂಟ್ ಕಡಿಯುತ್ತಿದೆ ಅಂತಲೇ ಅರ್ಥ. ಆಗ ಅದು ನನಗೆ ತಿಳಿಯಲಿಲ್ಲ. ಕೊನೆಗೆ ರಿಪೇರಿ ಮಾಡುವ ಹುಡುಗನೊಬ್ಬ ಸ್ಪ್ಲಿಟರ್ ಎಳೆದು ತೋರಿಸಿದ. 12 ವೋಲ್ಟಿನ ಹಳದಿ ವೈರ್ ಸೇರುವ ಕಡೆ ಕರಿ ಪ್ಲಾಸ್ಟಿಕ್ ಕಂದು ತಿರುಗಿ ಉಬ್ಬಿತ್ತು, ಒಂದು ಪಿನ್ ಒಳಗೆ ವಾಲಿತ್ತು. "ಅಣ್ಣಾ, ಡಿಸ್ಕ್ ಏನೂ ಕೆಟ್ಟಿಲ್ರಿ. ಇದಕ್ಕ ಕರೆಂಟ್ ಸಾಲವಲ್ದು" ಅಂದ.

ಅಷ್ಟರಲ್ಲಿ ಬರೆಯುವ ನಡುವೆಯೇ ಡಿಸ್ಕ್ ಕಡಿದು ಕಡಿದು ಫೈಲ್‌ಸಿಸ್ಟಂ, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಡಿಸ್ಕ್‌ನ ವ್ಯವಸ್ಥೆ, ಹಾಳಾಗಿತ್ತು. ಕೆಲವು ಹಾಡುಗಳನ್ನು ಮತ್ತೆ ಕ್ಯಾಸೆಟ್‌ನಿಂದ ಇಳಿಸಿದೆ. ಟೇಪ್ ಅಂಟಿಕೊಂಡು ಹೋಗಿದ್ದ ಕ್ಯಾಸೆಟ್‌ಗಳ ಹಾಡು ಹೋದವು, ಅಷ್ಟೇ. ದೊಡ್ಡ ಎಸ್‌ಎಂಪಿಎಸ್ ಹಾಕೋಣ ಅಂದರೆ ಅದಕ್ಕೂ ದಾರಿಯಿಲ್ಲ. ಅಂಗಡಿಯ ಮಾಮೂಲಿ ಎಟಿಎಕ್ಸ್ (ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಅಳತೆಯ) ಎಸ್‌ಎಂಪಿಎಸ್‌ಗೆ 24 ಪಿನ್. ಆ ಬೋರ್ಡ್‌ನ ಸಾಕೆಟ್ ಕಂಪನಿಯದೇ ಬೇರೆ ನಮೂನೆ, ಎಸ್‌ಎಂಪಿಎಸ್ ಕೂರುವ ಜಾಗದ ಅಳತೆಯೂ ಬೇರೆ. ಕನ್ವರ್ಟರ್ ವೈರ್ ಸಿಗುತ್ತದೆ, ಆದರೆ ಎಸ್‌ಎಂಪಿಎಸ್ ಕ್ಯಾಬಿನೆಟ್ ಹೊರಗೆ ಬಿದ್ದಿರಬೇಕಾಗುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಆ ಪಿಸಿಯನ್ನು ಅಕ್ಕನ ಮಗಳಿಗೆ ಓದಲು ಕೊಟ್ಟೆ. ಒಂದೇ ಡಿಸ್ಕ್ ಇಟ್ಟುಕೊಂಡು ಚೆನ್ನಾಗಿಯೇ ಓಡುತ್ತಿದೆ.

ಈಗ ನಿಮ್ಮ ಪ್ರಶ್ನೆ. ಎಂಟು ಡಿಸ್ಕ್ ನಿಮಗೆ ಬೇಡ. ನೀವು ಕೇಳಬೇಕಾದದ್ದು ಎಷ್ಟು ಡಿಸ್ಕ್ ಅಂತ ಅಲ್ಲ, ಎಷ್ಟು ಟಿಬಿ ಅಂತ. ಫೋನಿನ 4ಕೆ ವಿಡಿಯೊ ನಿಮಿಷಕ್ಕೆ 350 ಎಂಬಿ ಅಂತ ಹಿಡಿದರೂ 1 ಟಿಬಿಯಲ್ಲಿ 47 ಗಂಟೆ ಹಿಡಿಯುತ್ತದೆ. ಮನೆಯವರ ಫೋಟೊ, ಮದುವೆ, ಸೀಮಂತ, ನಾಮಕರಣ ಎಲ್ಲಾ ಸೇರಿದರೂ ಎರಡು ದೊಡ್ಡ ಡಿಸ್ಕ್ ಎಷ್ಟೋ ವರ್ಷ ಸಾಕು. ನಾಲ್ಕಕ್ಕೆ ಜಾಗ ಇಟ್ಟುಕೊಳ್ಳಿ, ಅದಕ್ಕಿಂತ ಮೇಲೆ ಹೋಗಬೇಡಿ.

ನನ್ನ ಪ್ರಕಾರ ಕೈಯಂಗಲದ ಮಿನಿ ಪಿಸಿಯನ್ನೂ ಬಿಡಿ, ಚಪ್ಪಟೆ ಆಫೀಸ್ ಪಿಸಿಯನ್ನೂ ಬಿಡಿ. ಮಿನಿ ಪಿಸಿ ಕರೆಂಟ್ ಕಡಿಮೆ ತಿನ್ನುತ್ತದೆ ನಿಜ, ಆದರೆ 3.5 ಇಂಚಿನ ಡಿಸ್ಕ್ ಒಳಗೆ ಹೋಗುವುದೇ ಇಲ್ಲ, ಯುಎಸ್‌ಬಿಯಲ್ಲಿ ನೇತುಹಾಕಬೇಕು. ಮಾಮೂಲಿ ಮೈಕ್ರೊ ಎಟಿಎಕ್ಸ್ (ಎಟಿಎಕ್ಸ್‌ನದೇ ಸ್ವಲ್ಪ ಸಣ್ಣ ಅಳತೆ) ಬೋರ್ಡ್, ನಾಲ್ಕು ಡಿಸ್ಕ್ ಕೂರುವ ಕ್ಯಾಬಿನೆಟ್, 24 ಪಿನ್ನಿನ ಒಳ್ಳೆ ಕಂಪನಿಯ ಹೊಸ ಎಸ್‌ಎಂಪಿಎಸ್ ತಗೊಳ್ಳಿ. ಬೋರ್ಡ್ ಮತ್ತು ಪ್ರೊಸೆಸರ್ ಹಳೆಯದಾದರೂ ಪರವಾಗಿಲ್ಲ, ಎಸ್‌ಎಂಪಿಎಸ್ ಮಾತ್ರ ಹಳೆಯದು ಬೇಡ. ಅದರಿಂದಲೇ ನೇರ ಬರುವ ಸಾಟಾ ಕನೆಕ್ಟರ್ ಎಷ್ಟು ಅಂತ ಅಂಗಡಿಯಲ್ಲೇ ಎಣಿಸಿ. ಸಾಟಾ ಪೋರ್ಟ್ ಕಡಿಮೆ ಬಿದ್ದರೆ ಚಿಂತೆಯಿಲ್ಲ. ಎಎಸ್‌ಎಂ1166 ಚಿಪ್ಪಿನ ಒಂದು ಕಾರ್ಡ್ ಹಾಕಿದರೆ ಇನ್ನೂ ಆರು ಪೋರ್ಟ್ ಬರುತ್ತವೆ. ಪೋರ್ಟ್ ಆಮೇಲೆ ಸೇರಿಸಬಹುದು, ಕರೆಂಟಿನ ವೈರ್ ಹಾಗೆ ಸೇರಿಸಲು ಆಗುವುದಿಲ್ಲ. ಇಲ್ಲಿ ಬೋರ್ಡ್ ಸಿಗದಿದ್ದರೆ ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಚೆನಾಯ್ ಟ್ರೇಡ್ ಸೆಂಟರ್ ನೋಡಿ, ಅಲ್ಲಿ ಸಿಟಿಸಿ ಅಂದರೆ ಯಾರಾದರೂ ತೋರಿಸುತ್ತಾರೆ.

ಡಿಸ್ಕ್ ತಗೊಳ್ಳುವಾಗ ಸಿಎಂಆರ್ ಹೌದಾ, ಅಂದರೆ ಡೇಟಾ ಬರೆಯುವ ಗೆರೆಗಳು (ಟ್ರ್ಯಾಕ್) ಬೇರೆ ಬೇರೆ ಇರುವ ನಮೂನೆಯಾ ಅಂತ ಮಾಡೆಲ್ ನಂಬರ್ ಹಾಕಿ ನೋಡಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ, ಒಂದೇ ಸಮ ಬರೆಯಲು ಹೋದರೆ ತೆವಳುತ್ತದೆ. ಬೇರೆ ಬೇರೆ ಅಳತೆಯ ಡಿಸ್ಕ್‌ಗಳನ್ನು ಒಂದೊಂದಾಗಿ ಸೇರಿಸಬೇಕು ಅನ್ನುವುದಾದರೆ ಹಲವು ಡಿಸ್ಕ್‌ಗಳನ್ನು ಒಂದೇ ಫೋಲ್ಡರ್‌ನಂತೆ ತೋರಿಸುವ ಮರ್ಜರ್‌ಎಫ್‌ಎಸ್ ಜೊತೆ, ಒಂದು ಡಿಸ್ಕ್ ಕೆಟ್ಟರೂ ಅದರ ಡೇಟಾ ಮರಳಿಸಿಕೊಡುವ ಸ್ನ್ಯಾಪ್‌ರೇಡ್ ಸಾಫ್ಟ್‌ವೇರ್ ಚೆನ್ನಾಗಿದೆ. ಹಾಗೆ ಮರಳಿಸಲು ಬೇಕಾದ ಲೆಕ್ಕ, ಅಂದರೆ ಪ್ಯಾರಿಟಿಗೆ ಇಡುವ ಡಿಸ್ಕ್ ಮಾತ್ರ ಉಳಿದವುಗಳಲ್ಲಿ ದೊಡ್ಡದರಷ್ಟಾದರೂ ಇರಬೇಕು. ಏಪ್ರಿಲ್, ಮೇ ಬಿಸಿಲಿಗೆ ಕ್ಯಾಬಿನೆಟ್ ಮುಂದೆ 120 ಮಿ.ಮೀ. ಫ್ಯಾನ್ ಬೇಕೇ ಬೇಕು. ಡಿಸ್ಕ್‌ಗಳ ನಡುವೆ ಬೆರಳು ಹೋಗುವಷ್ಟಾದರೂ ಜಾಗ ಬಿಡಿ.

ಕರೆಂಟ್ ಬಿಲ್ ಬಗ್ಗೆ ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. 60 ವ್ಯಾಟ್ ಎಳೆಯುವ ಪಿಸಿ ಹಗಲು ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. 25 ವ್ಯಾಟ್ ಆದರೆ 18. ನೀವು ಗೃಹಜ್ಯೋತಿಯಲ್ಲಿದ್ದರೆ ಇದು ಸಣ್ಣ ಮಾತಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್ ಓಡುವ ಮನೆಯಲ್ಲಿ ಆ 43 ಯೂನಿಟ್ಟೇ ಗೆರೆ ದಾಟಿಸಬಹುದು. ಹಾಗಾಗಿ ಹಳೆ ದೊಡ್ಡ ಸರ್ವರ್ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆಪಡಬೇಡಿ.

ಐ3ನಾ ಐ5ಆ ಅನ್ನುವುದಕ್ಕೆ ಈಗ ಹೇಳುತ್ತೇನೆ. ಐ3-8100 ಸಾಕು. ನಾಲ್ಕು ಕೋರ್ ಇದೆ, ವಿಡಿಯೊ ಬದಲಿಸಿ ಟಿವಿಗೆ ಕಳಿಸುವ ಕೆಲಸವನ್ನು ಅದರೊಳಗಿನ ಗ್ರಾಫಿಕ್ಸೇ ಮಾಡುತ್ತದೆ. ರ್‍ಯಾಮ್ 8 ಜಿಬಿ ಇರಲಿ. ಐ5ಗೆ ಕೊಡಬೇಕೆಂದಿದ್ದ ದುಡ್ಡು ಉಳಿಯುತ್ತದಲ್ವಾ, ಅದನ್ನು ಒಂದು ಸಣ್ಣ ಲೈನ್ ಇಂಟರಾಕ್ಟಿವ್ (ವೋಲ್ಟೇಜ್ ಏರುಪೇರನ್ನೂ ಸರಿ ಮಾಡುವ) ಯುಪಿಎಸ್‌ಗೆ ಹಾಕಿ. ಯುಎಸ್‌ಬಿ ಪೋರ್ಟ್ ಇರುವುದನ್ನೇ ಕೇಳಿ ತಗೊಳ್ಳಿ. ಆಗ ಬ್ಯಾಟರಿ ಇಳಿಯುವ ಮೊದಲು ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗುವ ಹಾಗೆ ಮಾಡಿಕೊಳ್ಳಬಹುದು.