ಅಪ್ಪನ ರಕ್ತದ ಗುಂಪು ಎ, ಅಮ್ಮನದು ಬಿ, ಮಗುವಿನದು ಓ: ಹೀಗೂ ಆಗುತ್ತಾ?

ಖಂಡಿತ ಆಗುತ್ತೆ. ಅಪ್ಪ ಎ, ಅಮ್ಮ ಬಿ ಆಗಿದ್ದರೆ ಮಗುವಿಗೆ ಎ, ಬಿ, ಎಬಿ, ಓ ಈ ನಾಲ್ಕರಲ್ಲಿ ಯಾವ ಗುಂಪು ಬೇಕಾದರೂ ಬರಬಹುದು.

ರಿಪೋರ್ಟಿನಲ್ಲಿ ಒಂದೇ ಅಕ್ಷರ ಕಂಡರೂ ನಮ್ಮೊಳಗೆ ರಕ್ತದ ಗುಂಪು ನಿರ್ಧರಿಸುವ ಜೀನಿನ ಎರಡು ಪ್ರತಿ ಇರುತ್ತವೆ ಅಲ್ವಾ, ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ. ಎ ಪ್ರತಿ ಇದ್ದರೆ ಕೆಂಪು ರಕ್ತಕಣದ ಮೇಲೆ ಒಂದು ಥರದ ಸಕ್ಕರೆ ಅಣು ಅಂಟಿಕೊಳ್ಳುತ್ತದೆ, ಬಿ ಇದ್ದರೆ ಇನ್ನೊಂದು ಥರದ್ದು. ಓ ಪ್ರತಿ ಏನನ್ನೂ ಅಂಟಿಸದೆ ಸುಮ್ನೆ ಇರುತ್ತದೆ. ಹಾಗಾಗಿ ಎ ಜೊತೆ ಓ ಇದ್ದರೂ ಟೆಸ್ಟಿನಲ್ಲಿ ಕಾಣುವುದು ಎ ಮಾತ್ರ. ಅಪ್ಪ ಅಮ್ಮ ಇಬ್ಬರಲ್ಲೂ ಹೀಗೆ ಕಾಣದ ಓ ಇದ್ದು, ಇಬ್ಬರಿಂದಲೂ ಅದೇ ಬಂದರೆ ಮಗು ಓ. ಅಂಥ ಜೋಡಿಗೆ ಪ್ರತಿ ಮಗುವಿನಲ್ಲೂ ಈ ಸಾಧ್ಯತೆ 25%, ಮೊದಲ ಮಗುವಿನ ಗುಂಪು ಯಾವುದೇ ಇರಲಿ.

ಎಬಿ ಇರುವವರಿಗೆ ಮಾತ್ರ, ತೀರಾ ಅಪರೂಪದ ಪ್ರಕರಣ ಬಿಟ್ಟರೆ, ಓ ಮಗು ಆಗುವುದಿಲ್ಲ. ಕೊಡಲು ಓ ಪ್ರತಿಯೇ ಇಲ್ವಲ್ಲ!

ಪಾಸಿಟಿವ್, ನೆಗೆಟಿವ್ ಅನ್ನೋದು ಬೇರೆ ಜೀನಿನ ಕೆಲಸ, ಆದರೆ ಲೆಕ್ಕ ಹೆಚ್ಚುಕಮ್ಮಿ ಇದೇ. ಇಬ್ಬರೂ ಪಾಸಿಟಿವ್ ಇದ್ದು ಮಗು ನೆಗೆಟಿವ್ ಆಗಬಹುದು.