ತುಕ್ಕಿನಿಂದ ಕಚ್ಚಿಕೊಂಡ ಶಾಕ್ ಅಬ್ಸಾರ್ಬರ್ ಬಿಚ್ಚಲು ಯಾವ ಸಲಕರಣೆ ಕೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಮಲ್ಪೆಯಲ್ಲಿ ಮನೆ, ಹನ್ನೊಂದು ವರ್ಷದ ಸಣ್ಣ ಕಾರು, ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಸೋರುತ್ತಿದೆ. ಹೊಸ ಜೋಡಿ ತಂದಿಟ್ಟಾಗಿದೆ, ಆದರೆ ಹಳೆಯದರ ಕೆಳಗಿನ ಬೋಲ್ಟು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಇಂಪ್ಯಾಕ್ಟ್ ರೆಂಚ್ (ಹೊಡೆತ ಕೊಡುತ್ತಾ ನಟ್ಟು ತಿರುಗಿಸುವ ಯಂತ್ರ) ಕೊಳ್ಳಲೇ, ಗ್ಯಾಸ್ ಟಾರ್ಚ್ ಕೊಳ್ಳಲೇ?

ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ತಂತಿ ಬ್ರಷ್ ಮತ್ತು ಒಂದು ಒಳ್ಳೆಯ ಆರು ಮೂಲೆಯ ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲಿನಂಥ ಪಾನಾ) ಕೊಳ್ಳಿ. ನಾನು ಮೆಕ್ಯಾನಿಕ್ ಅಲ್ಲ. ಸುರತ್ಕಲ್‌ನಲ್ಲಿ ಕಡಲಿನ ಸದ್ದು ಕೇಳುವಷ್ಟು ಹತ್ತಿರ ಮನೆ ಮಾಡಿಕೊಂಡ ತಪ್ಪಿಗೆ ಎರಡು ಕಾರುಗಳ ಶಾಕ್ ಅಬ್ಸಾರ್ಬರ್‌ಗಳನ್ನು ಅಂಗಳದಲ್ಲೇ ಬಿಚ್ಚಿದವನು. ಮೊದಲ ಸಲ ಎರಡು ದಿನ ಹಿಡಿಯಿತು, ಎರಡನೆಯ ಸಲ ಅರ್ಧ ದಿನ. ನಡುವೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯ ತುಕ್ಕು ಘಟ್ಟದ ಮೇಲಿನ ತುಕ್ಕಿನಂತಲ್ಲ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ನಮ್ಮಲ್ಲಿ ವರ್ಷದ ಬಹುಪಾಲು ರಾತ್ರಿಗಳಲ್ಲಿ ತೇವಾಂಶ ಅದಕ್ಕಿಂತ ಹೆಚ್ಚೇ. ಅಂದರೆ ಮಳೆ ಇಲ್ಲದಿದ್ದರೂ ಬೋಲ್ಟಿನ ಮೇಲಿನ ಉಪ್ಪು ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು. ಅವುಗಳ ಹಿಂದೆ ಹೋದಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವೆ, ಕಾರಿನ ಅಡಿಭಾಗಕ್ಕೆ ಆ ಸೌಲಭ್ಯವಿಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವ ವಸ್ತು. ಇಕ್ಕಟ್ಟಿನ ಸಂದಿಯಲ್ಲಿ ಅದು ಉಬ್ಬಿದಾಗ ಬೆಣೆ ಹೊಡೆದಂತೆಯೇ.

ಆದ್ದರಿಂದ ಸಲಕರಣೆಯ ಆಯ್ಕೆಗೆ ಮುಂಚೆ ಬೋಲ್ಟು ಎಲ್ಲಿ ಹಿಡಿದಿದೆ ಎಂದು ಪತ್ತೆ ಮಾಡಬೇಕು. ಹಿಡಿಯುವ ಜಾಗ ಎರಡು. ಒಂದು, ನಟ್ಟಿನ ಮರೆ, ಅಂದರೆ ನಟ್ಟು ಬೋಲ್ಟುಗಳು ಒಂದಕ್ಕೊಂದು ಹಿಡಿಯುವ ತಿರುಪಿನ ಗೀರುಗಳು. ಇನ್ನೊಂದು, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಕಣ್ಣಿನಲ್ಲಿ ರಬ್ಬರ್ ಬುಷ್ ಇರುತ್ತದಲ್ಲ, ಅದರ ಒಳಗಿನ ಉಕ್ಕಿನ ಕೊಳವೆ. ಬೋಲ್ಟಿನ ತಲೆ ತಿರುಗಿದಂತೆ ಆಗಿ, ಕೈಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತಿದೆಯೇ? ಹಾಗಿದ್ದರೆ ಅದು ಕೊಳವೆಗೆ ಕಚ್ಚಿಕೊಂಡಿದೆ, ನೀವು ತಿರುಗಿಸುತ್ತಿರುವುದು ರಬ್ಬರನ್ನು. ನಟ್ಟು ಸಲೀಸಾಗಿ ಬಂದರೂ ಬೋಲ್ಟು ಹೊರಬರುವುದಿಲ್ಲ ಎಂದಾದರೂ ಅದೇ ಕಥೆ. ಏನೂ ಮಿಸುಕುತ್ತಲೇ ಇಲ್ಲ ಎಂದಾದರೆ ಮೊದಲು ಮರೆಯನ್ನೇ ಸಂಶಯಿಸಿ.

ಮರೆ ಹಿಡಿದಿದ್ದರೆ ನಿಮಗೆ ಗೆಲ್ಲುವ ಅವಕಾಶ ಚೆನ್ನಾಗಿದೆ. ಹೊರಗೆ ಕಾಣುವ ಮರೆಯನ್ನು ತಂತಿ ಬ್ರಷ್‌ನಿಂದ ತಿಕ್ಕಿ, ಸಂಜೆಗೊಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಮತ್ತೊಮ್ಮೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ. ಎಲ್ಲರೂ ಹಿಡಿದುಕೊಂಡು ಬರುವ ಡಬ್ಲ್ಯುಡಿ-40 ಅನ್ನು 1953ರಲ್ಲಿ ಮಾಡಿದ್ದೇ ಲೋಹದಿಂದ ನೀರನ್ನು ದೂರ ಇಡಲು. ಹೆಸರಿನ ಅರ್ಥವೂ ನೀರು ಓಡಿಸುವ ನಲವತ್ತನೆಯ ಪ್ರಯತ್ನ ಎಂದೇ. ಇಲ್ಲದಿದ್ದಾಗ ಅದೂ ಆಗುತ್ತದೆ, ಆದರೆ ತುಕ್ಕಿನೊಳಗೆ ಇಳಿಯಲೆಂದೇ ಮಾಡಿದ ಎಣ್ಣೆ ಸಿಕ್ಕರೆ ಅದನ್ನು ತನ್ನಿ. ಎಣ್ಣೆಗೆ ಬೇಕಾದದ್ದು ಸಮಯ. ಹತ್ತು ನಿಮಿಷಕ್ಕೆ ಸಿಟ್ಟು ಮಾಡಿಕೊಂಡರೆ ಡಬ್ಬ ಖಾಲಿಯಾಗುತ್ತದೆ, ಅಷ್ಟೇ.

ಇನ್ನು ಸಾಕೆಟ್. ನನ್ನ ಮೊದಲ ಸಲದ ಎರಡು ದಿನಗಳಲ್ಲಿ ಒಂದೂವರೆ ದಿನ ಹೋದದ್ದು ಇಲ್ಲೇ. ಮನೆಯಲ್ಲಿದ್ದ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಜಗ್ಗಿದೆ. ಅದು ನಟ್ಟಿನ ಮೂಲೆಗಳನ್ನು ಮಾತ್ರ ಹಿಡಿಯುತ್ತದೆ, ತುಕ್ಕು ತಿಂದ ಮೂಲೆಗಳು ಕ್ಷಣಾರ್ಧದಲ್ಲಿ ಸವೆದು ನಟ್ಟು ಗೋಲಿಯಾಯಿತು. ಆರು ಮೂಲೆಯದು ಮಟ್ಟಸ ಬದಿಗಳನ್ನು ಹಿಡಿಯುತ್ತದೆ. ಡ್ರೈವ್, ಅಂದರೆ ಹಿಡಿ ಸಿಕ್ಕಿಸುವ ಚೌಕ ತೂತು, ಅರ್ಧ ಇಂಚಿನದೇ ಆಗಲಿ. ಸಾಕೆಟ್ ಸುತ್ತಿಗೆಯಿಂದ ಬಡಿದು ಕೂರಿಸುವಷ್ಟು ಬಿಗಿಯಾಗಿದ್ದರೆ ಇನ್ನೂ ಒಳ್ಳೆಯದು.

ಅದಕ್ಕೆ ಜೊತೆಯಾಗಿ 600 ಮಿಲಿಮೀಟರ್ ಉದ್ದದ ಬ್ರೇಕರ್ ಬಾರ್, ಅಂದರೆ ಸಾಕೆಟ್‌ಗೆ ಸಿಕ್ಕಿಸುವ ಗಟ್ಟಿ ಹಿಡಿ. 250 ಮಿಲಿಮೀಟರ್‌ನ ಹಿಡಿಯನ್ನು ನೀವು ನಲವತ್ತು ಕಿಲೋ ಬಲದಿಂದ ಜಗ್ಗಿದರೆ ನಟ್ಟಿಗೆ ಸಿಗುವುದು ಸುಮಾರು 98 ನ್ಯೂಟನ್ ಮೀಟರ್, ಅದೇ ತೋಳುಬಲಕ್ಕೆ 600ರ ಬಾರ್ 235 ಕೊಡುತ್ತದೆ. ರ‍್ಯಾಚೆಟ್‌ ಎಂಬ, ಕಟಕಟ ಎಂದು ಒಂದೇ ದಿಕ್ಕಿಗೆ ತಿರುಗಿಸುವ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಬೇಡಿ, ಒಳಗಿನ ಹಲ್ಲು ಮುರಿದು ನಿಮ್ಮ ಗೆಣ್ಣು ಸುಲಿಯುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಸುವ ದಿಕ್ಕಿಗೆ ತಿರುಗಿಸಿ ತುಕ್ಕು ಒಡೆಯಿರಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿಸಿ, ಎಣ್ಣೆ ಹಾಕಿ. ಒಂದೇ ಸಮ ಜಗ್ಗಿದರೆ ಬೋಲ್ಟು ತುಂಡಾಗಬಹುದು. ಕೆಲವು ಕಾರುಗಳಲ್ಲಿ ನಟ್ಟನ್ನು ಆಕ್ಸಲ್‌ಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ತುಂಡಾದರೆ ಮುಂದಿನ ಕೆಲಸ ವರ್ಕ್‌ಶಾಪಿನದು.

ಇಷ್ಟಕ್ಕೂ ಬಗ್ಗದಿದ್ದರೆ ಇಂಪ್ಯಾಕ್ಟ್ ರೆಂಚ್. ಅದರ ಪುಟ್ಟ ಪುಟ್ಟ ಹೊಡೆತಗಳು ತುಕ್ಕನ್ನು ಪುಡಿ ಮಾಡುತ್ತವೆ, ಒಪ್ಪುತ್ತೇನೆ. ಆದರೆ ಒಂದು ಬೋಲ್ಟಿಗಾಗಿ ಕೊಳ್ಳುವ ವಸ್ತು ಅಲ್ಲ. ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದರೆ ಆಸೆ ಹುಟ್ಟುವುದು ಸಹಜ, ನಾನೂ ಸೋತಿದ್ದೇನೆ. ತಂದರೂ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟನ್ನೇ ಬಳಸಿ, ಹೊಳೆಯುವ ಕ್ರೋಮ್ ಸಾಕೆಟ್ ಆ ಹೊಡೆತಕ್ಕೆ ಸೀಳಿ ಸಿಡಿಯಬಹುದು.

ಗ್ಯಾಸ್ ಟಾರ್ಚ್ ವಿಷಯದಲ್ಲಿ ಮಾತ್ರ ನನ್ನದು ಹಠ. ಶಾಕ್ ಅಬ್ಸಾರ್ಬರ್ ಒಳಗೆ ಎಣ್ಣೆ ಇದೆ, ಹಲವದರಲ್ಲಿ ಒತ್ತಡದ ನೈಟ್ರೋಜನ್ ಕೂಡ ಇದೆ. ಪಕ್ಕದಲ್ಲಿ ರಬ್ಬರ್, ಬ್ರೇಕ್ ಪೈಪು. ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಸಾಮಾನ್ಯವಾಗಿ ಹಿಂದಿನ ಆಕ್ಸಲ್‌ನ ಮುಂದೆಯೇ. ಮನೆ ಅಂಗಳದಲ್ಲಿ ಅಲ್ಲಿಗೆ ಬೆಂಕಿ ಒಯ್ಯಬೇಡಿ.

ಕೊಳವೆಗೆ ಕಚ್ಚಿಕೊಂಡಿದ್ದರೆ ಎಣ್ಣೆ ಎರಡು ತುದಿಗಳಲ್ಲೇ ನಿಲ್ಲುತ್ತದೆ, ನಡುವಿಗೆ ಹೋಗುವುದಿಲ್ಲ. ನಟ್ಟನ್ನು ಬೋಲ್ಟಿನ ತುದಿಗೆ ಸಮನಾಗಿ ಬಿಟ್ಟು ಸುತ್ತಿಗೆಯಿಂದ ನಾಲ್ಕು ಬಾರಿಸಿ ನೋಡಿ. ಬಾರದಿದ್ದರೆ ಗುದ್ದಾಟ ಬಿಟ್ಟು ಕತ್ತರಿಸಿ. ಹಳೆಯ ಶಾಕ್ ಅಬ್ಸಾರ್ಬರ್ ಹೇಗೂ ಗುಜರಿಗೆ ಹೋಗುವುದು, ಉಳಿಸಬೇಕಾದದ್ದು ಅದು ಕೂರುವ ಬ್ರಾಕೆಟ್ ಒಂದನ್ನೇ. ಬುಷ್‌ಗೂ ಬ್ರಾಕೆಟ್‌ಗೂ ನಡುವಿನ ಸಂದಿಯಲ್ಲಿ ಬ್ಲೇಡ್ ತೂರಿಸಿ ಎರಡೂ ಬದಿ ಕೊಯ್ಯಬೇಕು. ಗ್ರೈಂಡರ್‌ನ ಕಿಡಿ ಟ್ಯಾಂಕಿನ ಬಳಿ ಬೇಡ. ಹಿಂದೆ ಮುಂದೆ ಓಡುವ ವಿದ್ಯುತ್ ಗರಗಸ ಬಾಡಿಗೆಗೆ ಸಿಕ್ಕರೆ ತನ್ನಿ, ಇಲ್ಲವಾದರೆ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಿಂದಲೇ. ನನಗೆ ಒಂದು ಬದಿಗೆ ನಾಲ್ಕು ಬ್ಲೇಡ್ ಹಿಡಿಯಿತು. ಹೊಸ ಬೋಲ್ಟು ನಟ್ಟು ಕೈಯಲ್ಲಿಲ್ಲದೆ ಕೊಯ್ಯಲು ಶುರು ಮಾಡಬೇಡಿ.

ಕಾರಿನ ಅಡಿಗೆ ಕೈ ಹಾಕುವ ಮುಂಚೆ ಎರಡು ಮಾತು. ಮುರಕಲ್ಲಿನ ಅಂಗಳ ಅಥವಾ ಇಂಟರ್‌ಲಾಕ್ ಮೇಲೆ ಜಾಕ್ ಮಳೆಗಾಲದಲ್ಲಿ ಮೆಲ್ಲಗೆ ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ, ಬಾಡಿಯ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಆಕ್ಸಲ್‌ಗೆ ಬೇರೆ ಜಾಕ್ ಕೊಡಿ, ಇಲ್ಲದಿದ್ದರೆ ಬೋಲ್ಟು ಬಂದ ಕೂಡಲೇ ಆಕ್ಸಲ್ ಕೆಳಗೆ ಜೋತು ಬ್ರೇಕ್ ಪೈಪನ್ನು ಎಳೆಯುತ್ತದೆ, ಸ್ಪ್ರಿಂಗೂ ಜಾರಬಹುದು.

ಮುಂದಿನ ಚಕ್ರಗಳಿಗೂ ಇದೇ ಉತ್ಸಾಹದಲ್ಲಿ ಕೈ ಹಾಕುವಿರಾದರೆ ತಡೆಯಿರಿ. ಅಲ್ಲಿ ಸ್ಪ್ರಿಂಗು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಒಳಗೊಂಡ ಆಧಾರಗಂಬ) ಮೇಲೆಯೇ ಅದುಮಿಕೊಂಡು ಕೂತಿದೆ. ಮೇಲಿನ ನಡುನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಜೀವಕ್ಕೇ ಅಪಾಯ. ಪೋಲೊ, ಹಳೆಯ ಫಿಗೊದಂಥವುಗಳಲ್ಲಿ ಸ್ಟ್ರಟ್‌ನ ಬುಡ ಸೀಳಿದ ಬಳೆಯೊಳಗೆ ಕೂತಿರುತ್ತದೆ. ಆ ಸೀಳನ್ನು ಅಗಲಿಸುವ ಚಿಕ್ಕ ಬಿಟ್ ಇಲ್ಲದೆ ಸುತ್ತಿಗೆಯಿಂದ ಏನೂ ಸಾಧ್ಯವಿಲ್ಲ.

ಜೋಡಿಸುವಾಗ ಹೊಸ ಬೋಲ್ಟಿನ ಮೈಗೆ, ಕೊಳವೆಯೊಳಗೆ ಹೋಗುವ ಭಾಗಕ್ಕೂ, ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ. ಕೊನೆಯ ಬಿಗಿತವನ್ನು ಕಾರು ನಾಲ್ಕೂ ಚಕ್ರಗಳ ಮೇಲೆ ನಿಂತಾಗಲೇ ಕೊಡಿ, ತೂಗಾಡುವಾಗ ಬಿಗಿಸಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಕಾರು ಯಾವುದೆಂದು ನೀವು ಬರೆದಿಲ್ಲ. ತಂತಿ ಬ್ರಷ್ ಆಡಿಸಿದ ಮೇಲೆ ಬೋಲ್ಟಿನ ಎರಡೂ ತುದಿಗಳ ಫೋಟೊ ಹಾಕಿ, ನಟ್ಟು ಬೆಸುಗೆಯದೋ ಬಿಡಿಯದೋ ನೋಡಿ ಹೇಳುತ್ತೇನೆ.