ಆಪ್ತಸಲಹೆ ಪ್ರಕರಣ: ಮನೆಮಂದಿಯೆಲ್ಲ ಕೂತು ನೋಡಬಹುದೇ ಈ ಸಿನಿಮಾ?

ಕುಟುಂಬದವರ ಒಪ್ಪಿಗೆ ಪಡೆದು ಬರೆದ ಪ್ರಕರಣವಿದು. ವಯಸ್ಸು, ಉದ್ಯೋಗ, ನೆಂಟರ ಊರು ಇವುಗಳಲ್ಲಿ ಕೆಲವನ್ನು ಬದಲಿಸಿದೆ. ಸಿನಿಮಾದ ಹೆಸರು ಕೊಟ್ಟಿಲ್ಲ, ಅದರ ಕಥೆಯನ್ನೂ ಗುರುತು ಹತ್ತದಷ್ಟು ತಿದ್ದಿದೆ.

ಸಲಹೆಗೆ ಬಂದವರು ಹುಬ್ಬಳ್ಳಿಯ ಒಂದು ಮನೆಯ ತಾಯಿ, 41 ವರ್ಷ. ಮನೆಯಲ್ಲಿ ಕಿರಾಣಿ ಸಗಟು ವ್ಯಾಪಾರದ ಗಂಡ, 72ರ ಅತ್ತೆ, ಒಂಬತ್ತನೇ ತರಗತಿಯ 14 ವರ್ಷದ ಮಗಳು, 9 ವರ್ಷದ ಮಗ. ತಾಯಿಯ ದೂರು ಸಿನಿಮಾದ ಬಗ್ಗೆ ಇರಲಿಲ್ಲ. "ಮಗಳು ನಮ್ಮ ಜೋಡಿ ಊಟಕ್ಕ ಕುಂದ್ರವಲ್ಲಳ್ರೀ. ಅವರ ಪಪ್ಪನ ಕೂಡ ಮಾತು ಬಿಟ್ಟಾಳ" ಎಂದಷ್ಟೇ ಅವರು ಹೇಳಿದ್ದು.

ನಡೆದದ್ದು ಹೀಗೆ. ರವಿವಾರ ಗದಗಿನಿಂದ ಕಾಕಾ, ಕಾಕು ಬಂದಿದ್ದರು. ಸಂಜೆ ಗಿರ್ಮಿಟ್ಟು, ಮಿರ್ಚಿ ಆದಮೇಲೆ ಏನಾದರೂ ನೋಡೋಣವೆಂದಾಯಿತು. ಮಗಳು ಒಟಿಟಿಯಲ್ಲಿ ಡಬ್ ಆದ ಒಂದು ಪ್ರೇಮಕಥೆ ಹಚ್ಚಿದಳು. ಅದರ ನಾಯಕನ ಕೈಗೆ ಒಂದು ಅತ್ತರಿನ ಶೀಶೆ ಸಿಗುತ್ತದೆ, ಅದರ ವಾಸನೆ ಹಿಡಿದವರು ಅವನಿಗೆ ಮರುಳಾಗುತ್ತಾರೆ. ನಿಶ್ಚಿತಾರ್ಥವಾದ ಹುಡುಗಿಯೊಬ್ಬಳು ಅದರಿಂದಲೇ ತನ್ನ ಮದುವೆ ಮುರಿದು ಅವನ ಬೆನ್ನು ಹತ್ತುತ್ತಾಳೆ. ಮೊದಲರ್ಧವೆಲ್ಲ ಅದೇ ನಗೆ. ಮನೆಮಂದಿಯೂ ನಕ್ಕರು, ತಂದೆಯೇ ಎಲ್ಲರಿಗಿಂತ ಜೋರು. ಇಂಟರ್ವಲ್ ಹೊತ್ತಿಗೆ ಹುಡುಗಿಗೆ ನಿಜ ಗೊತ್ತಾಗುತ್ತದೆ, ಅತ್ತರಿನ ಗುಂಗು ಇಳಿಯುತ್ತದೆ, ಅವಳು ಅವನನ್ನು ಬಿಟ್ಟು ಹೋಗುತ್ತಾಳೆ. ಆಮೇಲೆ ತಾನಾಗಿಯೇ ತಿರುಗಿ ಬಂದು ಮುತ್ತು ಕೊಡುತ್ತಾಳೆ. ಹದಿನೈದು ಸೆಕೆಂಡೂ ಇಲ್ಲದ ದೃಶ್ಯ. ತಂದೆ ರಿಮೋಟಿಗೆ ಕೈಹಾಕಿ ಗಡಿಬಿಡಿಯಲ್ಲಿ ಪಾಜ್ ಒತ್ತಿದರು. ಚಿತ್ರ ಅಲ್ಲೇ ನಿಂತಿತು. ಮುಂದೇನೂ ತೋಚದೆ ಗೋಡೆಯ ಸ್ವಿಚ್ಚೇ ಆರಿಸಿ, ಕಾಕಾ ಕಾಕು ಎದುರಿಗೇ "ಇಂಥಾದ್ದು ಹಚ್ಚಿ ಎಲ್ಲಾರ ಮುಂದ ಮಾನ ಕಳದಿ" ಎಂದರು. ಮಗಳ ಫೋನು ಕಪಾಟು ಸೇರಿತು.

ಮಗಳ ಜೊತೆ ಪ್ರತ್ಯೇಕವಾಗಿ ಮಾತಾಡಿದೆವು. ಇಂಥ ಪ್ರಕರಣದಲ್ಲಿ ಅದು ಕಡ್ಡಾಯ. ದೃಶ್ಯಕ್ಕೋ ಬೈಗುಳಕ್ಕೋ ಮಗು ಮಿತಿಮೀರಿ ಬೆಚ್ಚಿದ್ದರೆ ಹಿಂದೆ ಬೇರೇನಾದರೂ ನಡೆದಿರಬಹುದೇ ಎಂದು ಮೊದಲು ತಿಳಿಯಬೇಕು. ನಡೆದಿದ್ದರೆ ದಾರಿಯೇ ಬೇರೆ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ವರದಿ ಮಾಡಲೇಬೇಕು, ಮಕ್ಕಳ ಸಹಾಯವಾಣಿ 1098 ಇದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ನಿದ್ದೆ, ಊಟ, ಶಾಲೆ ಸರಿಯಾಗಿಯೇ ನಡೆದಿದ್ದವು. ಊಟ ಮಾತ್ರ ಅಡುಗೆಮನೆಯಲ್ಲಿ ಒಬ್ಬಳೇ. ಅವಳ ಮಾತು ಚುಟುಕಾಗಿತ್ತು: "ಹದಿಮೂರು ಪ್ಲಸ್ ಅಂತ ನೋಡೇ ಹಚ್ಚಿದ್ದೆರೀ. ನಂಗ ಹದಿನಾಕು. ಕಾಕು ಮುಂದ ಯಾಕ ಬೈಬೇಕಾಗಿತ್ತು?"

ಅವಳ ಮಾತಿನಲ್ಲಿ ನ್ಯಾಯವಿತ್ತು. ಪ್ರಮಾಣಪತ್ರ ನೋಡಿ ಆರಿಸುವ ಶಿಸ್ತು ದೊಡ್ಡವರಲ್ಲೇ ಕಡಿಮೆ. ಆದರೆ ಆ ಪ್ರಮಾಣಪತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ತಂದೆತಾಯಿಯ ಜೊತೆ ಕೂತಾಗ ಅಲ್ಲಿಂದಲೇ ಸುರುಮಾಡಿದೆವು.

ಚಿತ್ರಮಂದಿರಕ್ಕೆ ಬರುವ ಸಿನಿಮಾಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡುತ್ತದೆ. ಯು ಎಂದರೆ ಎಲ್ಲರಿಗೂ, ಎ ಎಂದರೆ 18 ತುಂಬಿದವರಿಗೆ. ನಡುವಿನ ಯುಎ ಮೊದಲು ಒಂದೇ ಇತ್ತು, 12 ತುಂಬದ ಮಕ್ಕಳ ವಿಷಯದಲ್ಲಿ ಪಾಲಕರು ಯೋಚಿಸಿ ಎಂದು ಅದರ ಅರ್ಥ. 2023ರ ತಿದ್ದುಪಡಿ ಅದನ್ನು ಯುಎ 7+, 13+, 16+ ಎಂದು ಮೂರಾಗಿ ಒಡೆಯಿತು. ಹಳೆಯ ಸಿನಿಮಾಗಳಲ್ಲಿ ಬರೀ ಯುಎ ಎಂದು ಕಂಡರೆ ಅದು 12ರ ಲೆಕ್ಕವೆಂದು ತಿಳಿಯಬೇಕು. ಎ ಚಿತ್ರಕ್ಕೆ ಚಿಕ್ಕವರನ್ನು ಬಾಗಿಲಲ್ಲೇ ತಡೆಯಬೇಕು. ಯುಎ ವಯಸ್ಸು ಮಾತ್ರ ಪಾಲಕರಿಗೆ ಕೊಟ್ಟ ಸೂಚನೆ. ಗೋಕುಲ ರೋಡಿನ ಮಾಲ್‌ನಲ್ಲಿ 9ರ ಹುಡುಗನನ್ನು 13+ ಸಿನಿಮಾಕ್ಕೆ ಕರೆದುಕೊಂಡು ಹೋದರೆ ಆ ವಯಸ್ಸಿನ ಗೆರೆ ತೋರಿಸಿ ಯಾರೂ ತಡೆಯುವಂತಿಲ್ಲ. ತೀರ್ಮಾನ ನಿಮ್ಮದೇ.

ಒಟಿಟಿಯ ಕಥೆ ಬೇರೆ. ಅಲ್ಲಿನ 13+ ಸೆನ್ಸಾರ್ ಮಂಡಳಿಯದಲ್ಲ. 2021ರ ಐಟಿ ನಿಯಮಗಳ ಪ್ರಕಾರ ಆ ಕಂಪನಿಯೇ ಹಾಕಿಕೊಂಡದ್ದು. ಥಿಯೇಟರಿನಲ್ಲಿ ಕತ್ತರಿ ಬಿದ್ದ ತುಣುಕು ಒಟಿಟಿ ಆವೃತ್ತಿಯಲ್ಲಿ ಇರಬಹುದು. 'ಥಿಯೇಟರ್‌ನಾಗ ನೋಡೇನಿ, ಏನಿಲ್ಲ ಅದ್ರಾಗ' ಎಂಬ ನೆರೆಮನೆಯವರ ಭರವಸೆ ಇಲ್ಲಿ ಕೈಕೊಡುತ್ತದೆ. ಸಿನಿಮಾ ಸುರುವಾಗುವಾಗ ತೆರೆಯ ಮೂಲೆಯಲ್ಲಿ ವಯಸ್ಸಿನ ಜೊತೆ ಸಣ್ಣ ಅಕ್ಷರದಲ್ಲಿ ಕಾರಣವೂ ಬರುತ್ತದೆ: ಭಾಷೆ, ಲೈಂಗಿಕ ವಿಷಯ, ಮದ್ಯ, ಹಿಂಸೆ ಹೀಗೆ. ಅಂಕಿಗಿಂತ ಆ ಕಾರಣ ಮುಖ್ಯ. ಹೊಡೆದಾಟಕ್ಕೆ 13+ ಆದ ಸಿನಿಮಾ ಅಜ್ಜಿಯ ಎದುರು ಮುಜುಗರ ತರುವುದಿಲ್ಲ. ಲೈಂಗಿಕ ವಿಷಯವೆಂದು ಇದ್ದರೆ ತರಬಹುದು. ಟ್ರೇಲರ್ ನಂಬಿ ಕೂರುವುದಂತೂ ಬೇಡ. ಅದನ್ನು ಕತ್ತರಿಸುವುದೇ ಎಲ್ಲರಿಗೂ ತೋರಿಸಲೆಂದು. ಡಬ್ ಆದ ಚಿತ್ರದಲ್ಲಿ ಇನ್ನೊಂದು ತೊಡಕು: ಮಾತಿನಲ್ಲಿ ಮೆತ್ತಗಾದ ಬೈಗುಳ ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಹಸಿಹಸಿಯಾಗಿ ಉಳಿದಿರುತ್ತದೆ, ಇಂಗ್ಲಿಷ್ ಶಾಲೆಯ ಮಕ್ಕಳು ಓದುವುದು ಅದನ್ನೇ. ಕುಟುಂಬದ ಜೊತೆ ನೋಡುವಾಗ ಸಬ್‌ಟೈಟಲ್ ಬಂದ್ ಇಡಿ.

ಇಷ್ಟು ಹೇಳಿದ ಮೇಲೆ ತಂದೆಯನ್ನು ಕೇಳಿದೆವು: ಆ ಸಿನಿಮಾದಲ್ಲಿ ಮಗನಿಗೆ ತೋರಿಸಬಾರದ್ದು ಯಾವುದು? ಅವರು ಮುತ್ತು ಎಂದರು. ತಾಯಿ ಮಾತ್ರ ಸ್ವಲ್ಪ ತಡೆದು, ಸಿನಿಮಾ ಬಂದ್ ಆದ ಮರುದಿನ ಮಗ ಕೇಳಿದ್ದನ್ನು ನೆನೆಸಿದರು: "ಮಮ್ಮೀ, ಅಂಥಾ ಅತ್ತರ ಎಲ್ಲಿ ಸಿಗ್ತದ? ನಮ್ಮ ಕ್ಲಾಸಿನ್ಯಾಕಿಗೆ ಹಚ್ಚಬೇಕು."

ನಮ್ಮ ಸಲಹೆಯ ತಿರುಳು ಇರುವುದು ಆ ಪ್ರಶ್ನೆಯಲ್ಲಿ. ಪ್ರಮಾಣಪತ್ರ ಕೊಡುವವರ ಕಣ್ಣು ಮುತ್ತು, ಮದ್ಯ, ಬೈಗುಳಗಳ ಮೇಲೆ ಬೇಗ ಬೀಳುತ್ತದೆ. ಪ್ರೇಮ, ಮಾಯೆ, ನಗೆ ಮೂರೂ ಕೂಡಿದ ಸಿನಿಮಾದಲ್ಲಿ ಕೆಡುಕು ಇರುವುದು ಬಹುಮಟ್ಟಿಗೆ ಮಾಯೆಯೊಳಗೆ. ಅತ್ತರ ಹಚ್ಚಿ ಹುಡುಗಿಯ ಮದುವೆ ಮುರಿಸುವುದು ಮಾಯೆ ತೆಗೆದು ನೋಡಿದರೆ ಏನು? ಅವಳ ಒಪ್ಪಿಗೆಯಿಲ್ಲದೆ ಅವಳನ್ನು ತನ್ನತ್ತ ತಿರುಗಿಸಿಕೊಂಡದ್ದು. ಅತ್ತರ ಸುಳ್ಳೆಂದು 9ರ ಹುಡುಗನಿಗೂ ಅರ್ಧ ಗೊತ್ತು. 'ಹುಡುಗಿ ಬ್ಯಾಡ ಅಂದ್ರೂ ಉಪಾಯ ಅದ' ಎಂಬುದು ಸುಳ್ಳೆಂದು ಅವನಿಗೆ ಯಾರೂ ಹೇಳಿರುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಮನೆಯೆಲ್ಲ ನಗುತ್ತಿರುತ್ತದೆ. ತಂದೆ ಟಿವಿ ಆರಿಸಿದ್ದು ಇಡೀ ಕಥೆಯಲ್ಲಿ ಹುಡುಗಿ ತಿಳಿದು, ತಾನೇ ನಿರ್ಧರಿಸಿದ ಒಂದೇ ಒಂದು ಕ್ಷಣದಲ್ಲಿ.

ಆದ್ದರಿಂದ ಇಂಥ ಸಿನಿಮಾ ತೂಗುವಾಗ ಮೊದಲು ಮಾಯೆಯನ್ನೇ ವಿಚಾರಿಸಬೇಕು. ಅದು ಯಾರ ಮೇಲೆ ನಡೆಯುತ್ತದೆ, ಅವರಿಗೆ ಗೊತ್ತೇ? ನಾಯಕ ತನ್ನ ಮೇಲೆಯೇ ಪ್ರಯೋಗಿಸಿಕೊಂಡು ಫಜೀತಿಗೆ ಬಿದ್ದರೆ ಅದು ಸಾಮಾನ್ಯವಾಗಿ ನಿರಪಾಯದ ನಗೆ. ಎದುರಿನವರ ಮೇಲೆ ಕದ್ದು ಪ್ರಯೋಗಿಸಿದರೆ, ನಿಜ ಹೇಳುವುದು ಯಾವಾಗ, ಹೇಳಿದ ಮೇಲೆ ಅವರು ಬಿಟ್ಟುಹೋಗಲು ಸಾಧ್ಯವಿದೆಯೇ, ನಾಯಕ ಅದಕ್ಕೆ ಏನಾದರೂ ತೆರುತ್ತಾನೆಯೇ ನೋಡಿ. ಕೊನೆಯ ಹತ್ತು ನಿಮಿಷದಲ್ಲಿ ಒಂದು 'ಸಾರಿ'ಗೆ ಎಲ್ಲ ಮುಗಿದರೆ ಚಿಕ್ಕ ಮಕ್ಕಳಿಗೆ ಬೇಡ. ಮೈ ಅದಲುಬದಲಾಗುವ ಕಥೆಯಲ್ಲಿ ಕನ್ನಡಿ, ಬಚ್ಚಲು, ಇನ್ನೊಬ್ಬರ ಗಂಡ ಅಥವಾ ಹೆಂಡತಿ, ಈ ಮೂರು ಕಡೆ ಏನಾಗುತ್ತದೆ ಎಂಬುದೇ ಪರೀಕ್ಷೆ. ಯಾರ ಕಣ್ಣಿಗೂ ಕಾಣದಂತೆ ಮಾಯವಾಗುವ ಕಥೆಯಲ್ಲಿ ಕದ್ದು ಇಣುಕುವುದು ಬಂದೇ ಬರುತ್ತದೆ. ಒಂದೇ ದಿನ ಮತ್ತೆಮತ್ತೆ ಮರುಕಳಿಸುವ ಕಥೆಯಲ್ಲಿ ನಾಯಕನಿಗೆ ಎಲ್ಲ ನೆನಪಿರುತ್ತದೆ, ಹುಡುಗಿಗೆ ಏನೂ ಇರುವುದಿಲ್ಲ. ನೆನಪನ್ನು ಅವನು ಅವಳನ್ನು ಬೀಳಿಸಲು ಬಳಸುತ್ತಾನೋ, ತಾನು ತಿದ್ದಿಕೊಳ್ಳಲು ಬಳಸುತ್ತಾನೋ? ಹುಡುಗನೊಬ್ಬ ಒಂದೇ ರಾತ್ರಿ ದೊಡ್ಡವನಾಗುವ ಕಥೆ ಎಲ್ಲಕ್ಕಿಂತ ಮೋಸದ್ದು. ನೋಡಲು ಮುದ್ದಾಗಿರುತ್ತದೆ, ಆದರೆ ಒಳಗಿನವನು ಇನ್ನೂ ಮಗು. ಅವನಿಗೆ ದೊಡ್ಡವರ ಪ್ರೇಮಪ್ರಸಂಗ ಹಚ್ಚಿದ್ದರೆ ನಾವು ಸಿನಿಮಾ ಮನೆಗೆ ಬೇಡವೆಂದೇ ಹೇಳುತ್ತೇವೆ, ಪ್ರಮಾಣಪತ್ರ ಯಾವುದೇ ಇರಲಿ.

ಇದನ್ನು ತಿಳಿಯಲು ಇಡೀ ಸಿನಿಮಾ ಮೊದಲೇ ನೋಡಬೇಕೆಂದಿಲ್ಲ, ಅರ್ಧ ಗಂಟೆ ಸಾಕು. ಕಥೆಯ ಸಾರಾಂಶವನ್ನು ಕೊನೆಯವರೆಗೆ ಓದಿಬಿಡಿ; ಕುತೂಹಲ ಹಾಳಾಗುವುದು ಒಬ್ಬರಿಗೆ, ಅದು ಪಾಲಕರಿಗೆ ಇರಲಿ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯ ಪಾಲಕರ ಮಾಹಿತಿ ಪುಟದಲ್ಲಿ ನಗ್ನತೆ, ಹಿಂಸೆ, ಬೈಗುಳ, ಮದ್ಯ, ಭಯ ಎಂದು ಬೇರೆಬೇರೆಯಾಗಿ ಬರೆದಿರುತ್ತಾರೆ. ಅದನ್ನು ಬರೆಯುವವರು ಪ್ರೇಕ್ಷಕರೇ, ಬಹಳ ಮಂದಿ ಹೊರದೇಶದವರು. ಅವರ 'ಸ್ವಲ್ಪ' ನಮ್ಮ ಪಡಸಾಲೆಗೆ ಜಾಸ್ತಿಯಾದೀತು. ಆಮೇಲೆ ಸಿನಿಮಾ ತೆರೆದು ಮಾಯೆ ಮೊದಲ ಬಾರಿ ಇನ್ನೊಬ್ಬರ ಮೇಲೆ ನಡೆಯುವ ದೃಶ್ಯ, ನಡುವಿನ ಹತ್ತು ನಿಮಿಷ, ಕೊನೆಯ ಹದಿನೈದು ನಿಮಿಷ ನೋಡಿ. ಸಾಮಾನ್ಯವಾಗಿ ತೂಕ ಸಿಕ್ಕಿಬಿಡುತ್ತದೆ.

ಈ ಕ್ರಮದಲ್ಲಿ ಆ ಸಿನಿಮಾವನ್ನು ನಾವೂ ನೋಡಿದೆವು. ನಮ್ಮ ತೀರ್ಮಾನ: 14ರ ಹುಡುಗಿಗೆ ಅಡ್ಡಿಯಿಲ್ಲ, ಯಾರಾದರೂ ದೊಡ್ಡವರು ಜೊತೆಗಿದ್ದು ಅತ್ತರಿನ ಬಗ್ಗೆ ಎರಡು ಮಾತಾಡಿದರೆ ಇನ್ನೂ ಒಳ್ಳೆಯದು. 9ರ ಹುಡುಗನಿಗೆ ಬೇಡ. ಮುತ್ತಿನ ಸಲುವಾಗಿ ಅಲ್ಲ, ಮೊದಲರ್ಧದ ಸಲುವಾಗಿ.

ಅಜ್ಜಿಯನ್ನು ಎಲ್ಲರೂ ನೆಪ ಮಾಡಿಕೊಂಡಿದ್ದರು, ಕೇಳಿದವರು ಮಾತ್ರ ಯಾರೂ ಇರಲಿಲ್ಲ. ನಾವು ಕೇಳಿದಾಗ ಅವರು ನಕ್ಕರು. "ಅದೇನ್ ದೊಡ್ಡದಲ್ಲ ಬಿಡ್ರೀ. ಜಾತ್ರ್ಯಾಗ ಪಾರಿಜಾತ ಬೆಳತನಕ ಕೂತು ನೋಡೇವಿ." ಸರಿಯಾದ ಮಾತು. ಅವರು ಹೇಳಿದ್ದು ನಮ್ಮ ಕಡೆಯ ಜನಪದ ಆಟ ಶ್ರೀಕೃಷ್ಣ ಪಾರಿಜಾತ. ದೇವಲೋಕದ ಹೂವು, ಅದಕ್ಕಾಗಿ ಸತ್ಯಭಾಮೆಯ ಮುನಿಸು, ಕೃಷ್ಣನ ಪೇಚಾಟ, ದೂತಿಯ ಚುಚ್ಚುಮಾತು: ಪ್ರೇಮ, ಮಾಯೆ, ನಗೆ ಮೂರೂ ಆ ಆಟದಲ್ಲಿವೆ. ಕಂಪನಿ ನಾಟಕದ ದ್ವಂದ್ವಾರ್ಥದ ಮಾತಿಗೆ ಕುಟುಂಬ ಸಮೇತ ನಕ್ಕು ಬರುವ ನಮ್ಮ ಕಡೆಯ ಮನೆಗಳು ಒಂದು ಮುತ್ತಿಗೆ ಸ್ವಿಚ್ಚು ಆರಿಸುವುದು ವಿಚಿತ್ರವೇ. ಆದರೂ ಮುಜುಗರ ಸುಳ್ಳಲ್ಲ. ಅದಕ್ಕೊಂದು ವ್ಯವಸ್ಥೆ ಬೇಕು.

ವ್ಯವಸ್ಥೆ ಇಷ್ಟೇ. ರಿಮೋಟು ತಾಯಿಯ ಕೈಯಲ್ಲಿರಲಿ, ಹೆಚ್ಚು ಮುಜುಗರವಾಗುವವರ ಕೈಯಲ್ಲಿ ಬೇಡ. ಪಾಜ್ ಒತ್ತಬೇಡಿ, ಚಿತ್ರ ಬೇಡದ ಕಡೆಯೇ ನಿಲ್ಲುತ್ತದೆ. ಹತ್ತು ಸೆಕೆಂಡ್ ಮುಂದೆ ಹಾರುವ ಗುಂಡಿಯನ್ನು ಎರಡು ಸಲ ಒತ್ತಿದರೆ ಬಹುತೇಕ ದೃಶ್ಯ ದಾಟುತ್ತದೆ. ಸುಮ್ಮನೆ ಬಿಟ್ಟರೂ ಅಷ್ಟೇ ಹೊತ್ತು. ಟೀಕೆ ಟಿಪ್ಪಣಿ ಇದ್ದರೆ ಸಿನಿಮಾ ಮುಗಿದ ಮೇಲೆ, ನೆಂಟರು ಹೋದ ಮೇಲೆ. ಮಗನಿಗೆ ಒಟಿಟಿಯಲ್ಲಿ ಮಕ್ಕಳ ಪ್ರೊಫೈಲ್ ಬೇರೆ ಮಾಡಿ. 13+ ಮತ್ತು ಮೇಲಿನದಕ್ಕೆ ಪಾಲಕರ ಲಾಕ್ ಕೊಡುವುದು ಆ ಕಂಪನಿಗಳಿಗೆ ಕಡ್ಡಾಯ, ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಈ ಮನೆಯಲ್ಲಿ ಐವರಿಗೂ ತಂದೆಯ ಒಂದೇ ಪ್ರೊಫೈಲ್ ಇತ್ತು. ಅವರು ರಾತ್ರಿ ಒಬ್ಬರೇ ನೋಡಿದ್ದರ ಸಾಲಿನ ಸಿನಿಮಾಗಳೇ ಮಕ್ಕಳ ಮುಂದೆಯೂ ಬರುತ್ತಿದ್ದವು. ಅದನ್ನು ಹೇಳಿದಾಗ ತಂದೆ ಮಾತಾಡಲಿಲ್ಲ. ಅವತ್ತೇ ಪಿನ್ ಹಾಕಿದರಂತೆ.

ಮಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆವು. ಫೋನು ಶರತ್ತಿಲ್ಲದೆ ಮರಳಿ ಕೊಡಬೇಕು, ಯಾಕೆಂದರೆ ಅವಳು ನಿಯಮ ಮುರಿದಿರಲಿಲ್ಲ. ತಪ್ಪಾಯಿತೆಂಬ ಮಾತು ಬೈದ ಜನರ ಎದುರಿಗೇ ಬರಬೇಕು. ಏಕಾಂತದಲ್ಲಿ ತಲೆ ಸವರಿದರೆ ಕಾಕುವಿನ ಎದುರು ಹೋದ ಮಾನ ತಿರುಗಿ ಬರುವುದಿಲ್ಲ. ತಂದೆಗೆ ಮಾತು ಬರುತ್ತಿರಲಿಲ್ಲ, ಹಾಗಾಗಿ ಬರೆದುಕೊಟ್ಟೆವು: 'ನೀ ವಯಸ್ಸು ನೋಡಿ ಹಚ್ಚಿದ್ದಿ, ನಾ ಕೇಳಲಾರದ ಬೈದೆ.' ಉದ್ದ ಮಾಡಿದರೆ ಉಪದೇಶವಾಗುತ್ತದೆ, 'ಆದರೂ' ಸೇರಿಸಿದರೆ ಮೊದಲಿನದೂ ಕೆಡುತ್ತದೆ. ಅವರು ಗದಗಿಗೆ ಫೋನು ಮಾಡಿ, ಸ್ಪೀಕರ್ ಹಚ್ಚಿ, ಮಗಳು ಎದುರಿಗಿದ್ದಾಗ ಕಾಕಾ ಕಾಕು ಇಬ್ಬರಿಗೂ ಇದನ್ನೇ ಹೇಳಿದರು. ಮಗಳು ಊಟಕ್ಕೆ ಬಂದದ್ದು ಮಾತ್ರ ಒಂದು ವಾರ ತಡೆದು.

ಅತ್ತರ ಕೇಳಿದ ಮಗನಿಗೆ ಏನು ಹೇಳಬೇಕೆಂದು ತಾಯಿ ಕೇಳಿದರು. ಬೈಯಬೇಡಿ, ಕೇಳಿ ಎಂದೆವು: "ನಿನಗ ಯಾರರ ಹಂಗ ಹಚ್ಚಿ, ನಿನಗ ಬ್ಯಾಡಾದವರ ಹಿಂದ ತಿರುಗುವಂಗ ಮಾಡಿದ್ರ?" ಹುಡುಗ ಸ್ವಲ್ಪ ಯೋಚಿಸಿ, ತಾನು ಮೂಗು ಮುಚ್ಚಿಕೊಳ್ಳುವುದಾಗಿ ಹೇಳಿದನಂತೆ. ಸದ್ಯಕ್ಕೆ ಅಷ್ಟು ಸಾಕು, ಮುಂದೆ ಎಳೆಯಬೇಡಿ ಎಂದೆವು.

ಉಳಿದರ್ಧ ಸಿನಿಮಾವನ್ನು ಮಗಳ ಜೊತೆ ನೋಡಬೇಕೇ ಎಂಬುದು ತಂದೆಯ ಕೊನೆಯ ಪ್ರಶ್ನೆ. ಅವಳನ್ನೇ ಕೇಳಿ, ಒಲ್ಲೆ ಅಂದರೆ ಬಿಡಿ ಎಂದೆವು. ಕೇಳಿದರಂತೆ. ಗೆಳತಿಯ ಫೋನಿನಲ್ಲಿ ಯಾವಾಗಲೋ ನೋಡಿ ಮುಗಿಸಿದ್ದೇನೆ ಎಂದಳಂತೆ. ಯಾವ ಗೆಳತಿ ಎಂದು ವಿಚಾರಿಸಬೇಡಿ, ಕೊನೆಗೆ ಏನಾಯಿತು ಎಂದು ಮಾತ್ರ ಕೇಳಿ ಎಂದು ತಂದೆಗೆ ಹೇಳಿ ಪ್ರಕರಣ ಮುಗಿಸಿದೆವು.